ಚಿನ್ನದ ಗಣಿಯಲ್ಲಿ ಕಬ್ಬಿಣದ ಕಾವಲು

ಕೋಲಾರದ ಚಿನ್ನದ ಗಣಿಯ ಕತೆ ಹೇಳುವವರು ಚಿನ್ನದ ಲೆಕ್ಕ, ಸೈನೈಡ್ ದಿಬ್ಬ, ದುಡಿದು ಸತ್ತ ಕಾರ್ಮಿಕರ ನೆನಪು ಹೇಳಿ ನಿಲ್ಲಿಸುತ್ತಾರೆ. ಅದೇ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, 140 ಟನ್ ತೂಕದ ಉಪಕರಣವೊಂದು 1980ರ ಕೊನೆಯಿಂದ ಹಗಲೂ ರಾತ್ರಿ ಕಾವಲು ಕೂತಿತ್ತು. ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲೆಂದೇ ಕಟ್ಟಿದ ಜಗತ್ತಿನ ಮೊದಲ ಉಪಕರಣ ಅದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳು ಸೇರಿ ಅದನ್ನು ಕಟ್ಟಿದ್ದರು.

ಕಾಲೇಜಿನ ಪ್ರಯೋಗಾಲಯದ ಕ್ಯಾಲೊರಿಮೀಟರ್ ಬಿಸಿಯನ್ನು ಅಳೆಯುತ್ತದೆ. ಗಣಿಯ ಈ ಉಪಕರಣ ಕಣದ ಶಕ್ತಿಯನ್ನು ಅಳೆಯುವ ಕ್ಯಾಲೊರಿಮೀಟರ್. ಕಬ್ಬಿಣದ ಫಲಕ, ಅದರ ಮೇಲೆ ಕೊಳವೆಗಳ ಸಾಲು, ಮತ್ತೆ ಫಲಕ, ಮತ್ತೆ ಅಡ್ಡಡ್ಡಲಾಗಿ ಕೊಳವೆಗಳು. ಹೀಗೆ 34 ಪದರ, ಸುಮಾರು 1,600 ಕೊಳವೆ. ಕಣವೊಂದು ಕಬ್ಬಿಣವನ್ನು ತೂರಿಕೊಂಡು ಹೋಗುವಾಗ ಪದರ ಪದರಕ್ಕೂ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಯಾವ ಕೊಳವೆಗೆ ಎಷ್ಟು ಸಿಕ್ಕಿತು ಎಂದು ಕೂಡಿಸಿದರೆ ಕಣದ ದಾರಿಯೂ ಶಕ್ತಿಯೂ ತಿಳಿಯುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊಳವೆ, ಅಂದರೆ ಪ್ರೊಪೋರ್ಷನಲ್ ಕೌಂಟರ್. ಹತ್ತು ಸೆಂಟಿಮೀಟರ್ ಅಗಲದ ಚೌಕಾಕಾರದ ಕಬ್ಬಿಣದ ಕೊಳವೆ. ನಟ್ಟನಡುವೆ ಬಿಗಿದು ಎಳೆದ ತೆಳು ತಂತಿ. ಒಳಗಿನ ಗಾಳಿಯನ್ನೆಲ್ಲ ತೆಗೆದು ಆರ್ಗಾನ್–ಮೀಥೇನ್ ಮಿಶ್ರಣ ತುಂಬಿ, ತಂತಿಗೆ ಹೆಚ್ಚಿನ ವೋಲ್ಟೇಜ್ ಕೊಡುತ್ತಾರೆ. ಕಣ ಹಾದಾಗ ಅನಿಲದಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ತಂತಿಯತ್ತ ನುಗ್ಗಿ, ಅದರ ಹತ್ತಿರಕ್ಕೆ ಬಂದಂತೆ ನೂರಾಗಿ ಸಾವಿರವಾಗಿ ಹೆಚ್ಚಿ ಒಂದು ಸಣ್ಣ ಮಿಡಿತ ಹುಟ್ಟಿಸುತ್ತವೆ. ಕೊಳವೆಯಲ್ಲಿ ಎಲ್ಲೋ ಸೋರಿಕೆಯಾಗಿ ಹೊರಗಿನ ಆಮ್ಲಜನಕ ಒಳಗೆ ಸೇರಿತೋ, ಅದು ಆ ಎಲೆಕ್ಟ್ರಾನುಗಳನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಮಿಡಿತ ಕುಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ.

ಆದ್ದರಿಂದ ಒಂದೊಂದು ಕೊಳವೆಯನ್ನೂ ಬಿಚ್ಚದೆಯೇ ಪರೀಕ್ಷಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಒಡೆಯದೆ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿ ಲೊಡಲೊಡ ಎಂದರೆ ಮಾತ್ರ ಸುಲಿಯಲು ಕೂರುವವರು ಅವರು. ಕೊಳವೆಯನ್ನು ಅಲ್ಲಾಡಿಸುವ ಕೆಲಸವನ್ನು ಆಕಾಶವೇ ಮಾಡುತ್ತದೆ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಸುರಿಯುತ್ತಲೇ ಇರುತ್ತವೆ. ನಾಲ್ಕು ಮೀಟರ್ ಉದ್ದದ ಕೊಳವೆಗೆ ನಿಮಿಷಕ್ಕೆ ನಾಲ್ಕು ಸಾವಿರ ಮಿಡಿತ! ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಗಣಿಯ ಆಳದಲ್ಲಿ ಹಾಗಲ್ಲ. ಮೇಲಿನ ಬಂಡೆ ಮ್ಯೂಆನ್‌ಗಳನ್ನು ತಡೆದು, ಇಡೀ ಉಪಕರಣಕ್ಕೆ ದಿನಕ್ಕೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ಆ ಲೆಕ್ಕದಲ್ಲಿ ಒಂದೊಂದು ಕೊಳವೆಗೆ ಮ್ಯೂಆನ್‌ನ ಸರದಿ ಬರಲು ವಾರಗಳೇ ಹಿಡಿಯುತ್ತವೆ. ಆದ್ದರಿಂದಲೇ ಪರೀಕ್ಷೆ ಏನಿದ್ದರೂ ನೆಲದ ಮೇಲೆಯೇ ಪಕ್ಕಾ ಆಗಬೇಕು. ಆ ಆಳದ ನಿಶ್ಶಬ್ದವನ್ನು ಅರಸಿಯೇ ವಿಜ್ಞಾನಿಗಳು ಅಲ್ಲಿಗೆ ಇಳಿದದ್ದು.

ಮೊದಲು ಇಳಿದವರು ನಮ್ಮ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಹೋಮಿ ಭಾಭಾ ಅವರ ಪ್ರೇರಣೆಯಿಂದ 1951ರಲ್ಲಿ ಗೈಗರ್ ಕೌಂಟರ್‌ಗಳೊಂದಿಗೆ ಗಣಿಗೆ ಹೋದ ಆ ತರುಣ ಮುಂದೆ ಟಿಐಎಫ್ಆರ್‌ನ ನಿರ್ದೇಶಕರಾದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲ ಬಾರಿಗೆ ಸಿಕ್ಕಿದ ಸುದ್ದಿ 1965ರ ಆಗಸ್ಟಿನಲ್ಲಿ ಪ್ರಕಟವಾದದ್ದೂ ಇದೇ ಗಣಿಯಿಂದ. ಆ ಕೆಲಸದಲ್ಲಿ ಟಿಐಎಫ್ಆರ್, ಒಸಾಕಾಗಳ ಜೊತೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯವೂ ಇತ್ತು.

ಪ್ರೋಟಾನ್ ಕ್ಷಯದ ಅಭ್ಯರ್ಥಿಗಳೆಂದು ಕೆಲವು ಘಟನೆಗಳನ್ನು ಕೆ.ಜಿ.ಎಫ್. ತಂಡ ಮುಂದಿಟ್ಟಿತು. ಅಮೆರಿಕ, ಜಪಾನ್‌ಗಳ ದೊಡ್ಡ ಉಪಕರಣಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು, 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು, ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಮುಂದೆ ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದೊಳಗೆ 50,000 ಟನ್‌ನ ಕಬ್ಬಿಣದ ಕ್ಯಾಲೊರಿಮೀಟರ್ ಕಟ್ಟುವ ಯೋಜನೆಗೆ 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದರೂ ವಿರೋಧ, ವ್ಯಾಜ್ಯಗಳಲ್ಲಿ ಅದು ಸಿಕ್ಕಿಕೊಂಡಿತು. ಮಧುರೈಯಲ್ಲಿ ಅದರ 85 ಟನ್‌ನ ಮಾದರಿಯೊಂದು ಇದೆ.

ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ಕೊಳವೆ ಹೊತ್ತವರು, ತಂತಿ ಬಿಗಿದವರು, ಗಣಿಯ ಲಿಫ್ಟಿನ ಪಂಜರದಲ್ಲಿ ಅವನ್ನು ಇಳಿಸಿದ ಕಾರ್ಮಿಕರು, ಇವರಲ್ಲಿ ಬದುಕಿರುವವರ ಮಾತನ್ನು ಈಗಲೇ ದಾಖಲಿಸಬೇಕು. ಆ ಕ್ಯಾಲೊರಿಮೀಟರಿನ ನಾಲ್ಕು ಪದರದ ಮಾದರಿಯನ್ನಾದರೂ ಕನ್ನಡ ವಿವರಣೆಯೊಂದಿಗೆ ಕೋಲಾರದಲ್ಲಿ ಮಕ್ಕಳ ಕೈಗೆ ಸಿಗುವಂತೆ ಇಡಬೇಕು. ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ.