ಮೊಬೈಲಿನಲ್ಲಿ ಶುಭಸಂದೇಶ: ಸಾರುವವರ ಹೊಣೆ

ಕ್ರೈಸ್ತ ವಿಶ್ವಾಸವನ್ನು ಇತರರಿಗೆ ತಿಳಿಸುವ ಕೆಲಸಕ್ಕೆ ಕನ್ನಡದ ಕಥೋಲಿಕರು ಶುಭಸಂದೇಶ ಸಾರುವುದು ಎನ್ನುತ್ತಾರೆ, ಪ್ರಾಟೆಸ್ಟಂಟರು ಸುವಾರ್ತೆ ಸಾರುವುದು ಎನ್ನುತ್ತಾರೆ. ಎರಡರ ಅರ್ಥವೂ ಒಳ್ಳೆಯ ಸುದ್ದಿ ಎಂದೇ. ಸುದ್ದಿ ತಲುಪಲು ಸಾಧನ ಬೇಕು. ಹಾಗಾಗಿ ಹೊಸ ಮಾಧ್ಯಮ ಬಂದಾಗಲೆಲ್ಲ ಕ್ರೈಸ್ತ ಸಭೆಗಳು ಅದನ್ನು ಬೇಗನೆ ಕೈಗೆತ್ತಿಕೊಂಡಿವೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದೀರ್ಘ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಅಲ್ಲಿಂದಲೇ ಹೊರಡಿಸಿದರು. ವ್ಯಾಟಿಕನ್ ರೇಡಿಯೊ 1931ರಲ್ಲಿ ಶುರುವಾಯಿತು. ಅದನ್ನು ಕಟ್ಟಿಕೊಟ್ಟವರು ಸ್ವತಃ ಮಾರ್ಕೋನಿ. 2008ರಲ್ಲಿ ಯೂವರ್ಷನ್ ಬೈಬಲ್ ಆ್ಯಪ್ ಬಂತು, 2012ರ ಡಿಸೆಂಬರಿನಲ್ಲಿ ಪೋಪ್ 16ನೇ ಬೆನೆಡಿಕ್ಟ್ ಟ್ವಿಟರ್‌ಗೆ ಬಂದರು. 2024ರ ಮೇ ತಿಂಗಳಲ್ಲಿ ಕನ್ನಡವು ವ್ಯಾಟಿಕನ್ ನ್ಯೂಸ್‌ನ 53ನೇ ಭಾಷೆಯಾಯಿತು.

ಅಚ್ಚಿನ ಕಾಲದಲ್ಲಿ ಬರೆದದ್ದಕ್ಕೂ ಓದುಗರಿಗೂ ನಡುವೆ ಸಂಪಾದಕರು, ಕರಡು ತಿದ್ದುವವರು, ಮೊಳೆ ಜೋಡಿಸುವವರು ಇರುತ್ತಿದ್ದರು. ಈಗ ಮನಸ್ಸಿಗೆ ಬಂದದ್ದು ಮರುಗಳಿಗೆಯಲ್ಲೇ ಸಾವಿರಾರು ಜನರ ಕೈ ಸೇರುತ್ತದೆ. ಅವರಲ್ಲಿ ಯಾರಿಗೆ ಸಮಾಧಾನವಾಯಿತು, ಯಾರಿಗೆ ನೋವಾಯಿತು ಎಂಬುದು ಕಳಿಸಿದವರಿಗೆ ಕಾಣುವುದೇ ಇಲ್ಲ. ಹೊಣೆಗಾರಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿ. ಎದುರಿಗಿದ್ದರೆ ಆಡದ ಮಾತನ್ನು, ತೋರಿಸದ ಚಿತ್ರವನ್ನು ಪರದೆಯ ಮರೆಯಿಂದಲೂ ಕಳಿಸದಿರುವುದು ಅದರ ಮೊದಲ ಪಾಠ.

ಎಲ್ಲರಿಗೂ ಪರಿಚಿತವಾದ ಒಂದು ಸಂದರ್ಭವನ್ನೇ ನೋಡಬಹುದು. ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಪ್ರಾರ್ಥನಾ ವಿನಂತಿ ಬರುತ್ತದೆ: ‘ಈ ಸಹೋದರಿಗಾಗಿ ಪ್ರಾರ್ಥಿಸಿ.’ ಕೆಳಗೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವ ಹೆಂಗಸಿನ ಫೋಟೊ, ಅದರ ಕೆಳಗೆ ಸ್ಕ್ಯಾನ್ ವರದಿ. ವರದಿಯ ಮೇಲ್ತುದಿಯಲ್ಲಿ ಹೆಸರು, ವಯಸ್ಸು, ಫೋನ್ ನಂಬರ್, ಕಾಯಿಲೆ ಎಲ್ಲವೂ ಇವೆ. ಕಳಿಸಿದವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ಅದು ಹತ್ತು ಗುಂಪು ದಾಟಿರುತ್ತದೆ. ಆಕೆ ಗುಣವಾಗಿ ಮನೆಗೆ ಬಂದ ಎಷ್ಟೋ ತಿಂಗಳ ಮೇಲೂ ಯಾರದೋ ಊರಿನಲ್ಲಿ ಆ ಫೋಟೊ ಸುತ್ತುತ್ತಲೇ ಇರುತ್ತದೆ. ಪ್ರಾರ್ಥನೆಗೆ ಒಂದು ಹೆಸರು ಸಾಕು. ಅದನ್ನು ಹಾಕುವ ಮುನ್ನವೂ ರೋಗಿಯನ್ನೋ ಮನೆಯವರನ್ನೋ ಒಂದು ಮಾತು ಕೇಳಬೇಕು. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳ ಫೋಟೊ, ಭಾನುವಾರ ಶಾಲೆಯ ವಿಡಿಯೊಗಳಿಗೂ ಇದೇ ಮಾತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಆದ ಭಾರತದ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ರೋಗ ವಾಸಿಯಾದ ಸಾಕ್ಷಿಗಳ ವಿಷಯ. ‘ಪ್ರಾರ್ಥನೆಯಿಂದ ಕ್ಯಾನ್ಸರ್ ಮಾಯ’ ಎಂಬ ತಲೆಬರಹದ ವಿಡಿಯೊ ನೋಡಿದ ಬಡ ರೋಗಿಯೊಬ್ಬ ಔಷಧಿ ನಿಲ್ಲಿಸಿದರೆ ಅದರ ಹೊಣೆ ಯಾರದು? ಚರ್ಚ್ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಸ್ವಸ್ಥತೆಯ ಪ್ರಾರ್ಥನೆಗಳ ಬಗ್ಗೆ ವ್ಯಾಟಿಕನ್ 2000ದ ಸೆಪ್ಟೆಂಬರಿನಲ್ಲಿ ಕೊಟ್ಟ ಸೂಚನೆ ಉನ್ಮಾದ, ನಾಟಕೀಯತೆ, ಕೃತಕತೆಗಳನ್ನು ದೂರವಿಡಲು ಹೇಳುತ್ತದೆ. ಇಂಥ ಪ್ರಾರ್ಥನೆಗಳ ಟಿವಿ ಪ್ರಸಾರವನ್ನು ಧರ್ಮಾಧ್ಯಕ್ಷರ ನಿಗಾಕ್ಕೆ ಒಪ್ಪಿಸುತ್ತದೆ. ಯಾರಾದರೂ ಗುಣವಾದರೆ ಅವರ ಸಾಕ್ಷ್ಯವನ್ನು ನಿಖರವಾಗಿ ಬರೆದುಕೊಂಡು ಸಭೆಯ ಅಧಿಕಾರಿಗಳ ಮುಂದಿಡಬೇಕು ಎನ್ನುತ್ತದೆ. ಫ್ರಾನ್ಸಿನ ಲೂರ್ದ್ ಪುಣ್ಯಕ್ಷೇತ್ರದಲ್ಲಿ 1883ರಿಂದ ವೈದ್ಯರ ಕಚೇರಿಯೇ ಇದೆ. ಅಲ್ಲಿ ಗುಣವಾದೆವೆಂದು ಹೇಳಿಕೊಂಡವರು ಸಾವಿರಾರು ಮಂದಿ. ದೀರ್ಘ ಪರೀಕ್ಷೆಯ ನಂತರ ಚರ್ಚ್ ಪವಾಡವೆಂದು ಒಪ್ಪಿದ್ದು 70ಕ್ಕಿಂತ ಸ್ವಲ್ಪ ಹೆಚ್ಚು ಪ್ರಕರಣಗಳನ್ನು ಮಾತ್ರ. ಒಂದು ಶತಮಾನಕ್ಕೂ ಮಿಕ್ಕಿದ ಈ ತಾಳ್ಮೆಯ ಪಕ್ಕದಲ್ಲಿ ಮೂವತ್ತು ಸೆಕೆಂಡಿನ ರೀಲ್ಸ್ ಇಟ್ಟು ನೋಡಬೇಕು.

ತಾಳ್ಮೆಯಿಂದ ದುಡಿದ ಎಳೆಯನೊಬ್ಬನ ಉದಾಹರಣೆಯೂ ಇದೆ. ಇಟಲಿಯ ಮಿಲಾನ್‌ನಲ್ಲಿ ಬೆಳೆದ ಕಾರ್ಲೊ ಅಕುಟಿಸ್ ಕಂಪ್ಯೂಟರ್ ಪ್ರಿಯ. ಪರಮಪ್ರಸಾದಕ್ಕೆ ಸಂಬಂಧಿಸಿದ ಪವಾಡಗಳ ವಿವರಗಳನ್ನು ಊರೂರಿನಿಂದ ಕಲೆಹಾಕಿ ಜಾಲತಾಣವೊಂದನ್ನು ರೂಪಿಸಿದ. ವಿಡಿಯೊ ಗೇಮ್‌ಗೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನಂತೆ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ 15 ವರ್ಷ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವನನ್ನು ಸಂತನೆಂದು ಘೋಷಿಸಿದರು. ಜಾಲತಾಣದ ಆ ಕೆಲಸದಲ್ಲಿ ಅವನು ಹಿಂದೆ ನಿಂತಿದ್ದ, ವಿಷಯ ಮುಂದಿತ್ತು. ಲೈಕುಗಳ ಲೆಕ್ಕದಲ್ಲಿ ಸಾರುವವನೇ ದೊಡ್ಡವನಾಗಿಬಿಡುವ ಈ ದಿನಗಳಲ್ಲಿ ಅದು ನೆನೆಯಬೇಕಾದ ಸಂಗತಿ.

ಭಾರತದಲ್ಲಿ ವಿಶ್ವಾಸ ಹಂಚಿಕೊಳ್ಳುವವರು ನೆನಪಿಡಬೇಕಾದ ಕಾನೂನೂ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯನ್ನೂ ಹಾಕಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಬೇರೆ ಧರ್ಮದವರ ನಂಬಿಕೆಯನ್ನು ಬೇಕೆಂದೇ, ದುರುದ್ದೇಶದಿಂದ ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಂತೆ ಅಪರಾಧ. ಕಾನೂನನ್ನು ಬದಿಗಿಟ್ಟರೂ, ನೆರೆಮನೆಯವರ ದೇವರನ್ನು ಹಳಿದು ಹೇಳಿದ ಸುದ್ದಿ ಒಳ್ಳೆಯ ಸುದ್ದಿಯಾಗಿ ಉಳಿಯುವುದಿಲ್ಲ.

ಸುಳ್ಳು ಚಿತ್ರಗಳ ಕಾಟ ಈಚಿನದು. 2023ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಉಬ್ಬಿದ ಬಿಳಿ ಜಾಕೆಟ್ ತೊಟ್ಟಂತೆ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರವನ್ನು ಲೋಕವೇ ನಂಬಿತ್ತು. ತಾವೂ ಇಂಥದ್ದಕ್ಕೆ ಗುರಿಯಾದದ್ದನ್ನು ಅವರು 2024ರ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ನೆನೆದರು. ಸಂತರ ಹೆಸರಿನ ಕಟ್ಟುಕತೆ, ‘ಹತ್ತು ಜನರಿಗೆ ಕಳಿಸಿ, ಆಶೀರ್ವಾದ ಬರುತ್ತದೆ’ ಎಂಬ ಸರಪಳಿ ಸಂದೇಶ, ಗುರುಗಳ ಫೋಟೊ ಹಾಕಿ ಕಾಣಿಕೆ ಕೇಳುವ ನಕಲಿ ಖಾತೆ ಎಲ್ಲವೂ ಭಕ್ತಿಯ ಸಲಿಗೆಯಲ್ಲೇ ಒಳಗೆ ಬರುತ್ತವೆ. ಕಾಣಿಕೆ ಕಳಿಸುವ ಮೊದಲು ಚರ್ಚಿಗೇ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಸಭೆಗಳು ಈ ಬಗ್ಗೆ ಮಾರ್ಗಸೂಚಿಗಳನ್ನೂ ಕೊಟ್ಟಿವೆ. ಚರ್ಚ್ ಆಫ್ ಇಂಗ್ಲೆಂಡ್ 2019ರ ಜುಲೈಯಲ್ಲಿ ಹೊರಡಿಸಿದ ಡಿಜಿಟಲ್ ಸನ್ನದು ಸತ್ಯ, ದಯೆ ಹಾಗೂ ಭಿನ್ನಾಭಿಪ್ರಾಯವನ್ನು ಸಭ್ಯವಾಗಿ ಹೇಳುವ ಕ್ರಮವನ್ನು ಒತ್ತಿ ಹೇಳುತ್ತದೆ. ವ್ಯಾಟಿಕನ್ 2023ರ ಮೇ ತಿಂಗಳಲ್ಲಿ ಸಾಮಾಜಿಕ ಜಾಲತಾಣಗಳ ಕುರಿತು ಕೊಟ್ಟ ಚಿಂತನೆ ದಯಾಳು ಸಮಾರಿಯದವನ ಸಾಮತಿಯ ಮೇಲೆ ನಿಂತಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಇಬ್ಬರು ಬಳಸಿಕೊಂಡು ಹೋದರು, ಮೂರನೆಯವನು ನಿಂತ. ವಿಡಿಯೊವೊಂದರ ಕೆಳಗೆ ನಡುರಾತ್ರಿ ಯಾರೋ ತಮ್ಮ ಸಂಕಟ ಬರೆದುಕೊಂಡಾಗ, ಕೈಮುಗಿದ ಒಂದು ಎಮೋಜಿ ಹಾಕಿ ಮುಂದೆ ಹೋಗಬಹುದು. ನಿಂತು, ಹೆಸರು ಕೇಳಿ, ಅವರ ಊರಿನ ಹತ್ತಿರದ ಗುರುಗಳನ್ನೋ ಆಪ್ತಸಮಾಲೋಚಕರನ್ನೋ ಸಂಪರ್ಕಿಸುವಂತೆ ಮಾಡಲೂಬಹುದು. ಹಿಂಬಾಲಕರ ಸಂಖ್ಯೆಯಲ್ಲಿ ಕಾಣಿಸದ ಈ ಎರಡನೆಯ ಕೆಲಸಕ್ಕೇ ಹೆಚ್ಚು ಬೆಲೆ.

ಪರದೆಯಿಂದ ಆಗದ ಕೆಲಸಗಳೂ ಇವೆ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ 2002ರಲ್ಲೇ ಸ್ಪಷ್ಟಪಡಿಸಿದೆ. ಕಥೋಲಿಕರು ಪಾಪನಿವೇದನೆಯನ್ನು ಗುರುಗಳೆದುರೇ ಮಾಡಬೇಕು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಸಲ್ಲಿಸಿದ ಪ್ರಾರ್ಥನೆಯನ್ನು ಲೋಕವೆಲ್ಲ ಮನೆಯಿಂದಲೇ ನೋಡಿತು. ಆಗ ಊರೂರಿನ ಚರ್ಚುಗಳಲ್ಲಿ ಶುರುವಾದ ಬಲಿಪೂಜೆಯ ನೇರಪ್ರಸಾರ ಹಲವೆಡೆ ಇಂದಿಗೂ ನಡೆಯುತ್ತಿದೆ, ಮುಖ್ಯವಾಗಿ ಹಾಸಿಗೆ ಹಿಡಿದವರಿಗಾಗಿ, ಮುದುಕರಿಗಾಗಿ. ಅವರು ಪೂಜೆಯನ್ನು ಮೊಬೈಲಿನಲ್ಲಿ ನೋಡುತ್ತಾರೆ. ಪರಮಪ್ರಸಾದವನ್ನು ಮಾತ್ರ ಗುರುಗಳೋ ನೇಮಿತ ಸೇವಕರೋ ಅವರ ಮನೆಗೇ ಒಯ್ದು ಕೊಟ್ಟು ಬರುತ್ತಾರೆ.