ಏಪ್ರಿಲ್ ಹನ್ನೆರಡರ ಎರಡು ಸ್ಮರಣೆಗಳು

ಏಪ್ರಿಲ್ ತಿಂಗಳ 12ನೆಯ ತಾರೀಖಿನ ಮಹತ್ವವನ್ನು ಬೆಂಗಳೂರಿನ ಕುರುಬರಹಳ್ಳಿಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅಸ್ತಂಗತರಾದ ದಿನ ಅದು. ಮಹಾಲಕ್ಷ್ಮಿ ಬಡಾವಣೆಯ ಆಚೆಗೆ, ಕಂಠೀರವ ಸ್ಟುಡಿಯೋದ ಆವರಣದಲ್ಲಿರುವ ಅವರ ಸಮಾಧಿಗೆ ಆ ದಿನ ಹೂಮಾಲೆ ಹಿಡಿದು ಹೋಗುವವರಲ್ಲಿ ಈ ಭಾಗದ ಮುದುಕರೂ ಇರುತ್ತಾರೆ, ಅವರ ಕೈಹಿಡಿದು ನಡೆಯುವ ಮೊಮ್ಮಕ್ಕಳೂ ಇರುತ್ತಾರೆ. ಗಾಯಕನೊಬ್ಬನ ತಿಥಿಯನ್ನು ಮನೆಯ ಹಿರಿಯರ ತಿಥಿಯಂತೆಯೇ ನೆನೆಯುವ ಇಂಥ ನೆರೆಹೊರೆಯಲ್ಲಿ ನಿಂತು, ಅದೇ ತಾರೀಖಿಗೆ ಸಲ್ಲತಕ್ಕ ಇನ್ನೊಂದು ಸ್ಮರಣೆಯನ್ನು ಹೇಳುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

1954ರ ಏಪ್ರಿಲ್ 12ರಂದು ನ್ಯೂಯಾರ್ಕ್ ನಗರದಲ್ಲಿ, ಪಿಥಿಯನ್ ಟೆಂಪಲ್ ಎಂಬ ಕಟ್ಟಡವನ್ನು ಧ್ವನಿಮುದ್ರಣಶಾಲೆಯನ್ನಾಗಿ ಮಾಡಿಕೊಂಡಿದ್ದ ಡೆಕ್ಕಾ ಕಂಪನಿಗಾಗಿ, ಬಿಲ್ ಹೇಲಿ ಎಂಬ ಗಾಯಕನೂ ಅವನ ವಾದ್ಯವೃಂದದವರೂ ‘ರಾಕ್ ಅರೌಂಡ್ ದ ಕ್ಲಾಕ್’ ಎಂಬ ಹಾಡನ್ನು ಮುದ್ರಿಸಿದರು. ಗ್ರಾಮಫೋನ್ ತಟ್ಟೆಯ ಹಿಂಬದಿಗೆ ಹಾಕಿದ್ದ ಆ ಹಾಡು ಮೊದಲ ವರ್ಷ ಹೇಳಿಕೊಳ್ಳುವಂಥ ಕೀರ್ತಿಯನ್ನೇನೂ ಪಡೆಯಲಿಲ್ಲ. 1955ರಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಲನಚಿತ್ರದ ಆರಂಭದಲ್ಲಿ ಅದು ಮೊಳಗಿದಾಗ ಮಾತ್ರ ಅಮೆರಿಕದ ತರುಣ ಸಮುದಾಯವೆಲ್ಲ ಎದ್ದು ನಿಂತಿತು. ಆ ಹಾಡಿನ ನಡುವೆ ಮಿಂಚಿನಂತೆ ಹರಿಯುವ ಗಿಟಾರನ್ನು ನುಡಿಸಿದವನು ಡ್ಯಾನಿ ಸೆಡ್ರೋನ್. ಅಂದಿನ ಕೆಲಸಕ್ಕೆ ಅವನಿಗೆ ಸಂದದ್ದು 21 ಡಾಲರ್. ಎರಡೇ ತಿಂಗಳಲ್ಲಿ, 1954ರ ಜೂನ್ 17ರಂದು, ಮೆಟ್ಟಿಲಿನಿಂದ ಬಿದ್ದು ಅವನು ತೀರಿಕೊಂಡನು. ತನ್ನ ಬೆರಳುಗಳು ಲೋಕದ ಕಿವಿಯನ್ನೇ ತಿರುಗಿಸಿದುವೆಂಬ ಸಂಗತಿ ಅವನಿಗೆ ತಿಳಿಯಲೇ ಇಲ್ಲ. ರಾಕ್ ಸಂಗೀತದ ವರ್ಷಾಚರಣೆಗಳ ಪಟ್ಟಿಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಮೊದಲು ನಿಲ್ಲುವುದು ಈ ಮನುಷ್ಯನ ಬಳಿ.

ಈ ರಾಕ್ ಸಂಗೀತದ ಲಕ್ಷಣವನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಕಪ್ಪುಜನರು ದಾಸ್ಯದ ದುಃಖವನ್ನು ಕಡೆದು ತೆಗೆದ ಬ್ಲೂಸ್, ಅವರ ಚರ್ಚುಗಳಲ್ಲಿ ಮೊಳಗುವ ಗಾಸ್ಪೆಲ್, ಅಲ್ಲಿನ ಬಿಳಿಯ ಹಳ್ಳಿಗರ ಕಂಟ್ರಿ ಹಾಡು, ಇವು ಕೂಡಿಕೊಂಡು ಹುಟ್ಟಿದುದು ರಾಕ್. ವಿದ್ಯುತ್ ಗಿಟಾರು, ಬೇಸ್ ಗಿಟಾರು, ಡ್ರಮ್ಮು ಇದರ ಮುಖ್ಯ ವಾದ್ಯಗಳು. ನಾಲ್ಕು ಮಾತ್ರೆಗಳ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಬೀಳುವ ಬಲವಾದ ಪೆಟ್ಟು ಇದರ ಜೀವ. ಕೇಳುವವನ ಕಾಲು ಅವನ ಅಪ್ಪಣೆಯನ್ನು ಕಾಯದೆ ಕುಣಿಯತೊಡಗುವುದಕ್ಕೆ ಆ ಪೆಟ್ಟೇ ಕಾರಣ.

1954 ನಮಗೂ ದೊಡ್ಡ ವರ್ಷವೇ. ‘ಬೇಡರ ಕಣ್ಣಪ್ಪ’ ತೆರೆಗೆ ಬಂದು ರಾಜ್‌ಕುಮಾರ್ ನಾಯಕನಟರಾದುದು ಅದೇ ವರ್ಷ. ಇಪ್ಪತ್ತನಾಲ್ಕು ವರ್ಷಗಳ ತರುವಾಯ, 1978ರಲ್ಲಿ, ದೊರೈ–ಭಗವಾನ್ ನಿರ್ದೇಶಿಸಿದ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ರಾಜ್‌ಕುಮಾರ್ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನೇ ಹಾಡಿದರು. ಅದನ್ನು ಶುದ್ಧ ರಾಕ್ ಎನ್ನಲಾಗದು. ಆದರೆ ಕಂದಪದ್ಯವನ್ನೂ ವಚನವನ್ನೂ ಹಾಡಿ ಪಳಗಿದ ರಂಗಭೂಮಿಯ ಕಂಠವೊಂದು ಪರದೇಶದ ಲಯದ ಮೇಲೆ ಅಷ್ಟು ನಿರಾಯಾಸವಾಗಿ ಕುಳಿತುದನ್ನು ಕೇಳಿದವರಿಗೆ, ಸಂಗೀತಕ್ಕೆ ಗಡಿಯಿಲ್ಲವೆಂಬ ಮಾತನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕಾಗಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 1977ರಲ್ಲಿ, ಅಮೆರಿಕದವರು ಎರಡು ವಾಯೇಜರ್ ನೌಕೆಗಳನ್ನು ಅಂತರಿಕ್ಷಕ್ಕೆ ಕಳುಹಿಸಿದಾಗ ಅವುಗಳಲ್ಲಿ ಚಿನ್ನದ ಲೇಪವುಳ್ಳ ಧ್ವನಿತಟ್ಟೆಗಳನ್ನು ಇರಿಸಿದ್ದರು. ಚಕ್ ಬೆರಿ 1958ರಲ್ಲಿ ಮುದ್ರಿಸಿದ ‘ಜಾನಿ ಬಿ. ಗುಡ್’ ಎಂಬ ರಾಕ್ ಹಾಡು ಅವುಗಳಲ್ಲಿದೆ. ಕೇಸರಬಾಯಿ ಕೇರ್ಕರ್ ಅವರ ಭೈರವಿಯಿದೆ. ಲೋಕದ 55 ಭಾಷೆಗಳ ಶುಭಾಶಯಗಳ ನಡುವೆ ಕನ್ನಡದ ನಮಸ್ಕಾರವೂ ಇದೆ. ಸೂರ್ಯಮಂಡಲದ ಗ್ರಹಗಳನ್ನೆಲ್ಲ ಹಿಂದಿಕ್ಕಿ ಹೋಗುತ್ತಿರುವ ಒಂದೇ ತಟ್ಟೆಯಲ್ಲಿ ಕನ್ನಡದ ನುಡಿಯೂ ರಾಕ್‌ನ ಗಿಟಾರೂ ಜೊತೆಯಾಗಿವೆ. 2027ಕ್ಕೆ ಆ ಯಾತ್ರೆಗೆ ಐವತ್ತು ತುಂಬುತ್ತದೆ.

ರಾಕ್‌ನ ಚರಿತ್ರೆಯಲ್ಲಿ ಬೆಂಗಳೂರಿಗೂ ತನ್ನವೇ ಆದ ತಾರೀಖುಗಳುಂಟು. 1962ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡ ಭಾರತದಲ್ಲಿ ಮೊತ್ತಮೊದಲು ನುಡಿಸಿದುದು 2003ರ ಏಪ್ರಿಲ್ 4ರಂದು, ನಮ್ಮ ಅರಮನೆ ಮೈದಾನದಲ್ಲಿ. ಲಂಡನ್ನಿನ ಐರನ್ ಮೇಡನ್ 2007ರ ಮಾರ್ಚ್ 17ರಂದು ತನ್ನ ಮೊದಲ ಭಾರತ ಕಚೇರಿಯನ್ನು ಅದೇ ಮೈದಾನದಲ್ಲಿ ನಡೆಸಿತು. 2011ರ ಅಕ್ಟೋಬರ್‌ನಲ್ಲಿ ದೆಹಲಿಯ ಸಮೀಪ ನಡೆಯಬೇಕಾಗಿದ್ದ ಮೆಟಾಲಿಕಾ ಕಚೇರಿ ರದ್ದಾದುದರಿಂದ, 30ನೆಯ ತಾರೀಖು ಆ ತಂಡದ ಮೊದಲ ಭಾರತೀಯ ಶ್ರೋತೃಗಳಾಗುವ ಭಾಗ್ಯವೂ ಬೆಂಗಳೂರಿನವರಿಗೇ ದೊರಕೊಂಡಿತು. ಇದೇ ನಗರದ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಬೀಟಲ್ಸ್ ಹಾಡೊಂದರಿಂದ ಹೆಸರನ್ನು ಪಡೆದ ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬ ಉತ್ಸವದಲ್ಲಿ ದೇಶದ ಎಳೆಯ ರಾಕ್ ತಂಡಗಳಿಗೆ ವೇದಿಕೆ ಕಟ್ಟಿಕೊಟ್ಟರು.

ಇವೆಲ್ಲಕ್ಕಿಂತ ನನಗೆ ಹಿರಿದಾಗಿ ತೋರುವುದು 2008. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಶಾಸ್ತ್ರವನ್ನು ಓದಿ, ಕೊನೆಗೆ ಗಿಟಾರನ್ನು ಕೈಗೆತ್ತಿಕೊಂಡ ರಘು ದೀಕ್ಷಿತ್ ಆ ವರ್ಷ ಹೊರತಂದ ‘ಅಂತರಾಗ್ನಿ’ ಎಂಬ ಸಂಗ್ರಹದಲ್ಲಿ ಸಂತ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ತತ್ತ್ವಪದವನ್ನು ವಿದ್ಯುತ್ ಗಿಟಾರಿನೊಡನೆ ಹಾಡಿದರು. ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, 1889ರಲ್ಲಿ ದೇಹವಿಟ್ಟ ಶರೀಫರು ಹುಕ್ಕಾ ಸೇದುವ ಸಾಮಾನ್ಯ ಚಟವೊಂದರಲ್ಲಿ ದೇಹಾತ್ಮಗಳ ರಹಸ್ಯವನ್ನು ಹುದುಗಿಸಿಟ್ಟವರು. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಅದಾಗಲೇ ಮನೆಮನೆಗೂ ಬಂದಿದ್ದ ಶರೀಫರು ಈಗ ಇಂಗ್ಲಿಷ್ ಹಾಡನ್ನಲ್ಲದೆ ಬೇರೇನನ್ನೂ ಕೇಳದಿದ್ದ ಕಾಲೇಜಿನ ಹುಡುಗರ ನಾಲಗೆಯ ಮೇಲೂ ಬಂದರು. ಅದುವರೆಗೆ ಈ ನಗರದ ತಂಡಗಳು, 1996ರಲ್ಲಿ ಕೂಡಿದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ನುರಿತ ತಂಡವೂ ಸೇರಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಹಾಡುತ್ತಿದ್ದುವು. ಕನ್ನಡ ತಾನೂ ರಾಕ್‌ನ ಭಾಷೆಯೆಂದು ತಲೆಯೆತ್ತಿದುದು 2008ರಲ್ಲಿ ಎಂಬುದು ನನ್ನ ನಿರ್ಣಯ.

ಬಿಲ್ ಹೇಲಿಯ ಆ ಒಂದು ದಿನದ ಕೆಲಸದಲ್ಲಿ ಯಾರು ಯಾವ ವಾದ್ಯ ನುಡಿಸಿದರೆಂಬುದನ್ನೂ, ಯಾರಿಗೆಷ್ಟು ಸಂದಾಯವಾಯಿತೆಂಬುದನ್ನೂ ಅಲ್ಲಿಯವರು ಬರೆದಿಟ್ಟಿದ್ದರಿಂದಲೇ ಸೆಡ್ರೋನನ ಹೆಸರು ನಮಗೆ ಉಳಿಯಿತು. ರಾಜಾಜಿನಗರ, ಬಸವೇಶ್ವರನಗರ, ಕುರುಬರಹಳ್ಳಿಗಳ ಮನೆಗಳ ಬೀರುವಿನಲ್ಲಿ ಅರಮನೆ ಮೈದಾನದ ಹಳೆಯ ಟಿಕೆಟ್ಟುಗಳೂ, ಕಾಲೇಜು ತಂಡಗಳ ಕ್ಯಾಸೆಟ್ಟುಗಳೂ, ಗಿಟಾರು ಹಿಡಿದ ಅಣ್ಣಂದಿರ ಭಾವಚಿತ್ರಗಳೂ ಇನ್ನೂ ಇದ್ದಾವು. ಓದುಗರು ದಯಮಾಡಿ ಅವನ್ನು ಹೊರತೆಗೆದು, ಅವುಗಳ ಬೆನ್ನಿನ ಮೇಲೆ ತಾರೀಖನ್ನೂ ಸ್ಥಳವನ್ನೂ ನುಡಿಸಿದವರ ಹೆಸರನ್ನೂ ಇಂದೇ ಬರೆದಿಡಬೇಕೆಂದು ಬೇಡಿಕೊಳ್ಳುತ್ತೇನೆ.