ಅರಳು ಮರಳಲ್ಲ, ಮೊದಲ ಹಂತ

ಕುರುಗೋಡಿನ ನಮ್ಮ ದೊಡ್ಡಮ್ಮನ ಕೈ ರೊಟ್ಟಿ ಬಡಿಯುವುದರಲ್ಲಿ ಇವತ್ತಿಗೂ ತಪ್ಪುವುದಿಲ್ಲ. ಜೋಳದ ಹಿಟ್ಟು ನಾದಿ, ಅಂಚು ಒಡೆಯದಂತೆ ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾಳೆ. ಆದರೆ ಎದುರಿಗೆ ಕೂತವನನ್ನು ‘ಉಂಡೇನಪಾ?’ ಎಂದು ಅರ್ಧ ತಾಸಿನಲ್ಲಿ ಮೂರು ಸಲ ಕೇಳುತ್ತಾಳೆ. ವಯಸ್ಸಾಯಿತು, ಅರಳು ಮರಳು ಎಂದುಕೊಂಡು ಎರಡು ವರ್ಷ ಸುಮ್ಮನಿದ್ದೆವು. ಅಲ್ಜೈಮರ್ ಎಂದು ಗೊತ್ತಾಗುವ ಹೊತ್ತಿಗೆ ಮೊದಲ ಹಂತ ದಾಟಿತ್ತು.

ಹೊಸ ಔಷಧಗಳು ಕೆಲಸ ಮಾಡುವುದು ಆ ಮೊದಲ ಹಂತದಲ್ಲೇ. ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುವ ಲೆಕಾನೆಮ್ಯಾಬನ್ನು 1,795 ಮಂದಿಯ ಮೇಲೆ 18 ತಿಂಗಳು ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಔಷಧ ಪಡೆದವರಲ್ಲಿ ಕುಸಿತ ಶೇ 27ರಷ್ಟು ನಿಧಾನವಾಯಿತು. 18 ಅಂಕದ ಅಳತೆಯಲ್ಲಿ ವ್ಯತ್ಯಾಸ 0.45. ಹೋದ ನೆನಪು ಮರಳುವುದಿಲ್ಲ. ಔಷಧ ಪಡೆದ ಶೇ 12.6 ಮಂದಿಯ ಮಿದುಳಿನಲ್ಲಿ ಊತವೂ ಕಂಡಿತು. ಅಮೆರಿಕ 2023ರ ಜುಲೈನಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿತು.

ಆ ಪರೀಕ್ಷೆಯಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ. ಸಿರುಗುಪ್ಪದ ರೈತ ಭತ್ತದ ನಾಟಿ ಬಿಟ್ಟು, ತಾಯಿಯನ್ನು ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿಕೊಂಡು ಎಷ್ಟು ಸಲ ಬೆಂಗಳೂರಿಗೆ ಹೋಗಿಬಂದಾನು? ಬಳ್ಳಾರಿಯ ವೈದ್ಯಕೀಯ ಕಾಲೇಜಿನಂಥ ಕಡೆಯೇ ಇಂಥ ಪ್ರಯೋಗ ನಡೆಯಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಸೇರುವವರಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು ಕೇಂದ್ರದ 2019ರ ನಿಯಮ ಹೇಳುತ್ತದೆ. ನಮ್ಮಲ್ಲಿ ಆ ಭಾಷೆ ಒಂದೇ ಅಲ್ಲ: ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಅದೂ ಒಂದು ಭಾಗ್ಯವೇ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಭಾಷೆ ಆಡುವವರಲ್ಲಿ ಮರೆಗುಳಿತನ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಹೀಗೆಯೇ.

ಔಷಧದ ಪರೀಕ್ಷೆಯ ಆ 0.45 ಯಾವ ಸ್ಕ್ಯಾನ್ ಯಂತ್ರವೂ ಕೊಟ್ಟ ಅಂಕಿಯಲ್ಲ. ರೋಗಿಯನ್ನೂ, ಜೊತೆಗಿರುವವರನ್ನೂ ಕೂರಿಸಿಕೊಂಡು ದುಡ್ಡಿನ ಲೆಕ್ಕ, ದಾರಿ, ಮನೆಗೆಲಸ, ಸ್ನಾನದ ಬಗ್ಗೆ ಕೇಳಿ ಬರೆದುಕೊಂಡದ್ದು. ದೊಡ್ಡಮ್ಮನ ವೈದ್ಯರೂ ಅದನ್ನೇ ಕೇಳಿದರು. ಅಣ್ಣ ತಡವರಿಸಿದ. ಬಾಗಿಲ ಬಳಿ ನಿಂತಿದ್ದ ಅತ್ತಿಗೆಯೇ ಬಾಯಿ ಬಿಟ್ಟದ್ದು: ‘ಎರಡು ವರ್ಷದ ಹಿಂದೆ, ದೊಡ್ಡಬಸವೇಶ್ವರನ ತೇರು ನೋಡಿ ಬರುವಾಗ ನಮ್ಮ ಓಣಿನೇ ಗುರುತು ಹತ್ತಲಿಲ್ಲರೀ ಅತ್ತೀಗೆ. ಅವತ್ತೇ ನಂಗೆ ಅನುಮಾನ. ನನ್ನ ಯಾರು ಕೇಳಿದ್ರು?’